ಲಸಿಕೆ ಪಡೆದವರು ಯಾರು?

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿ ಮನೆಗೂ ಕಾಡಿಗೂ ಅಂತರ ಕಡಿಮೆ. ಇವು ಸೇರಿರುವ ಉತ್ತರ ಕನ್ನಡ ಜಿಲ್ಲೆಗೆ ಮಂಗನ ಕಾಯಿಲೆ ಹೊಸದಲ್ಲ. ಅದರ ಲಸಿಕೆ ಎರಡು ಡೋಸ್‌ಗೆ ಶೇ 93.5ರಷ್ಟು ರಕ್ಷಣೆ ನೀಡುತ್ತದೆಂದು 1994ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತ್ತು. 2005–10ರ ದಾಖಲೆಗಳನ್ನು ಆಧರಿಸಿದ ಮತ್ತೊಂದು ಅಧ್ಯಯನಕ್ಕೆ ದೊರೆತದ್ದು ಶೇ 62.4 ಮಾತ್ರ.

ದಾಖಲೆಗಳ ಲೆಕ್ಕದಲ್ಲೊಂದು ತೊಡಕಿದೆ. ಅಲ್ಲಿ ಚೀಟಿ ಎತ್ತಿ ಲಸಿಕೆ ಹಂಚಿರುವುದಿಲ್ಲ. ಸೌದೆ, ತರಗೆಲೆಗಾಗಿ ನಿತ್ಯ ಕಾಡು ಹೊಕ್ಕು ಉಣ್ಣಿಯಿಂದ ಕಚ್ಚಿಸಿಕೊಳ್ಳುವವರೇ ಹೆಚ್ಚಾಗಿ ಲಸಿಕೆ ಪಡೆದಿದ್ದರೆ ಅದು ನಿಷ್ಪ್ರಯೋಜಕವೆಂದು ತೋರುತ್ತದೆ. ಕಾಡಿನತ್ತ ಸುಳಿಯದವರು ಪಡೆದಿದ್ದರೆ ಇಲ್ಲದ ಶಕ್ತಿ ಅದಕ್ಕೆ ಬರುತ್ತದೆ.

ಇದಕ್ಕೆ ಪರಿಹಾರವಾಗಿ ರೋಸೆನ್‌ಬಾಮ್ ಮತ್ತು ರೂಬಿನ್ 1983ರಲ್ಲಿ ‘ಪ್ರೊಪೆನ್ಸಿಟಿ ಸ್ಕೋರ್’ ವಿಧಾನವನ್ನು ಮಂಡಿಸಿದರು. ವಯಸ್ಸು, ಕಸುಬು, ಕಾಡಿನ ಒಡನಾಟಗಳಿಂದ ಪ್ರತಿಯೊಬ್ಬರೂ ಲಸಿಕೆ ಪಡೆಯುವ ಸಂಭವವನ್ನು ಅಳೆದು, ಸರಿಸಮಾನರನ್ನೇ ಹೋಲಿಸುವುದು ಇದರ ತಿರುಳು. ಆದರೆ ಬರೆದಿಡದ ಸಂಗತಿಯನ್ನು ಯಾವ ಸೂತ್ರವೂ ಸರಿಪಡಿಸಲಾರದು.

ಹಳೆಯ ಲಸಿಕೆ 2022ರಲ್ಲಿ ನಿಂತಿದೆ. ಹೊಸದಕ್ಕೆ ಪ್ರಯತ್ನ ನಡೆದಿದೆ. ಅದು ಬಂದಾಗ ಆರೋಗ್ಯ ಕಾರ್ಯಕರ್ತೆಯ ಪುಸ್ತಕದಲ್ಲಿ ‘ವಾರಕ್ಕೆಷ್ಟು ಬಾರಿ ಕಾಡಿಗೆ?’ ಎಂಬ ಒಂದು ಕಲಮು ಇರಲಿ. ಲಸಿಕೆಯ ನಿಜವಾದ ಬೆಲೆ ತಿಳಿಯುವುದು ಅಲ್ಲಿಂದಲೇ.