ಸಾಮಿಲ್ಲಿನಿಂದ ಮೇಯರ್ ಕುರ್ಚಿಗೆ: ಹೆನ್ರಿ ಯೆಸ್ಲರ್ ಕಥೆ

ಸಿಯಾಟಲ್ ಅಂದ ಕೂಡಲೇ ನಮಗೆ ನೆನಪಾಗೋದು ಬೋಯಿಂಗ್, ಅಮೆಜಾನ್, ಆಮೇಲೆ ಅಲ್ಲಿ ಕೆಲಸಕ್ಕೆ ಹೋಗಿರುವ ನಮ್ಮ ಸೀನಿಯರ್‌ಗಳು. ಆದರೆ ಆ ಊರನ್ನು ಊರು ಮಾಡಿದ್ದು ಒಂದು ಸಾಮಿಲ್. ಅದರ ಯಜಮಾನನೇ ಮುಂದೆ ಎರಡು ಸಲ ಅಲ್ಲಿನ ಮೇಯರ್ ಆದ.

ಹೆನ್ರಿ ಯೆಸ್ಲರ್ ಹುಟ್ಟಿದ್ದು 1810ರಲ್ಲಿ, ಅಮೆರಿಕದ ಮೇರಿಲ್ಯಾಂಡ್‌ನಲ್ಲಿ. ಓಹಾಯೋದಲ್ಲಿ ಮರದ ಕೆಲಸ ಮಾಡಿಕೊಂಡಿದ್ದವನು 1852ರಲ್ಲಿ ಸಿಯಾಟಲ್‌ಗೆ ಬಂದ. ಆಗ ಅಲ್ಲಿದ್ದದ್ದು ಬೆರಳೆಣಿಕೆಯ ಗುಡಿಸಲುಗಳು, ಹಿಂದೆ ದಟ್ಟ ಕಾಡು, ಮುಂದೆ ಸಮುದ್ರ. ಆತ ಹಬೆಯಂತ್ರದ ಸಾಮಿಲ್ ಹಾಕ್ತೀನಿ ಅಂದಾಗ ಮೊದಲೇ ಬಂದು ನೆಲೆಸಿದ್ದವರು ತಮ್ಮ ಜಾಗ ಸರಿಸಿಕೊಂಡು, ದಡದಿಂದ ಗುಡ್ಡದವರೆಗೆ ಒಂದು ಪಟ್ಟಿ ಜಮೀನು ಬಿಟ್ಟುಕೊಟ್ಟರು.

ಹಬೆಯೇ ಯಾಕೆ? ನೀರಿನ ಚಕ್ರದಿಂದ ಗರಗಸ ಓಡಿಸಬೇಕಾದರೆ ಮೇಲಿಂದ ಬೀಳುವ ನೀರು ಬೇಕು. ನೀರಿದ್ದಲ್ಲಿಗೇ ಮಿಲ್ ಹೋಗಬೇಕು. ಹಬೆಯಂತ್ರಕ್ಕೆ ಆ ಹಂಗಿಲ್ಲ. ಹಡಗು ನಿಲ್ಲುವ ದಡದಲ್ಲೇ ಮಿಲ್ ಕಟ್ಟಬಹುದು, ಕೊಯ್ದು ಉಳಿದ ಚೂರುಗಳನ್ನೇ ಬಾಯ್ಲರ್‌ಗೆ ಉರುವಲು ಮಾಡಬಹುದು. 1853ರಲ್ಲಿ ಗರಗಸ ತಿರುಗತೊಡಗಿತು. ಚಿನ್ನದ ಹುಚ್ಚಿನಲ್ಲಿ ಬೆಳೆಯುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋಗೆ ಹಲಗೆ ಎಷ್ಟಿದ್ದರೂ ಸಾಲುತ್ತಿರಲಿಲ್ಲ.

ಗುಡ್ಡದ ಮೇಲಿನ ದಿಮ್ಮಿ ಕೆಳಗೆ ಬರೋದು ಹೇಗೆ? ಫಸ್ಟ್ ಇಯರ್ ಮೆಕ್ಯಾನಿಕ್ಸ್ ನೆನಪಿಸಿಕೊಳ್ಳಿ: ಇಳಿಜಾರು ಮತ್ತು ಘರ್ಷಣೆ. ದಾರಿಗೆ ಅಡ್ಡಲಾಗಿ, ರೈಲು ಹಳಿಯ ಸ್ಲೀಪರ್‌ಗಳ ಹಾಗೆ ಮರದ ತುಂಡುಗಳನ್ನು ಹುಗಿದು, ಮೇಲೆ ಎಣ್ಣೆ ಬಳಿದು, ದಿಮ್ಮಿಗಳನ್ನು ಜಾರಿಸುತ್ತಿದ್ದರು. ಇಂಥ ದಾರಿಗೆ ‘ಸ್ಕಿಡ್ ರೋಡ್’ ಅಂತ ಹೆಸರು. ಮುಂದೆ ಅಮೆರಿಕದಲ್ಲಿ ಪಾಳುಬಿದ್ದ, ಬಡತನದ ಬೀದಿಗಳಿಗೆ ‘ಸ್ಕಿಡ್ ರೋ’ ಅನ್ನೋ ಮಾತು ಬಂದದ್ದು ಇದರಿಂದಲೇ.

ಮಿಲ್ಲಿನ ಅಡುಗೆಮನೆಯೇ ಊರಿನ ಸಭಾಂಗಣವಾಯಿತು. ಮಿಲ್ಲಿನ ಮರದ ಪುಡಿ ತುಂಬಿ ದಡದ ಜೌಗು ನೆಲ ಮೇಲೆದ್ದಿತು. ಯೆಸ್ಲರ್‌ಗೆ ಜಮೀನಿನಿಂದಲೂ ಹಣ ಬಂತು, ಸಾಲವೂ ಬೆಳೆಯಿತು. 1874ರಲ್ಲಿ ಮೇಯರ್ ಆದವನು ಸ್ವಲ್ಪ ದಿನಕ್ಕೇ ಸಾಲ ತೀರಿಸಲು ಲಾಟರಿ ನಡೆಸಹೊರಟು ಕೋರ್ಟಿನ ಮೆಟ್ಟಿಲು ಹತ್ತಿದ!

ಇಲ್ಲಿವರೆಗೆ ಓದಿದರೆ ಗೆದ್ದವನ ಕಥೆ ಅನ್ನಿಸುತ್ತೆ. ಆದರೆ ಮಿಲ್ಲಿನಲ್ಲಿ ಮೊದಲಿನಿಂದಲೂ ದುಡಿದವರಲ್ಲಿ ಆ ನೆಲದ ಮೂಲನಿವಾಸಿಗಳೂ ಇದ್ದರು. ಊರಿನ ಹೆಸರೂ ಅವರ ನಾಯಕನದೇ. ಆದರೂ ಬಿಳಿಯರ ಬಳಿ ಕೆಲಸಕ್ಕಿದ್ದು ಅವರು ಕೊಟ್ಟ ಜಾಗದಲ್ಲಿರುವವರನ್ನು ಬಿಟ್ಟು ಉಳಿದ ಮೂಲನಿವಾಸಿಗಳು ಊರೊಳಗೆ ವಾಸಿಸಬಾರದು ಅಂತ 1865ರಲ್ಲಿ ಕಟ್ಟಳೆ ಬಂತು.

ಯೆಸ್ಲರ್ ಎರಡನೇ ಸಲ ಮೇಯರ್ ಆಗಿದ್ದಾಗ, 1886ರ ಫೆಬ್ರವರಿಯಲ್ಲಿ, ಚೀನೀ ಕೂಲಿಕಾರರ ಸರದಿ. ರೈಲು ಹಳಿ ಹಾಕಿದ, ರಸ್ತೆ ಸಮ ಮಾಡಿದ ಸುಮಾರು 350 ಜನರನ್ನು ಗುಂಪೊಂದು ಮನೆಗಳಿಂದ ಎಳೆದು ಬಂದರಿಗೆ ಅಟ್ಟಿತು. ಸುಮಾರು 200 ಮಂದಿ ಹಡಗು ಹತ್ತಿ ಊರು ಬಿಟ್ಟರು. ಗವರ್ನರ್ ಮಿಲಿಟರಿ ಕಾನೂನು ಘೋಷಿಸಿದರು, ಸೈನ್ಯ ಬಂತು. ಅಷ್ಟರಲ್ಲಿ ಆಗಬೇಕಾದ ಅನ್ಯಾಯ ಆಗಿಹೋಗಿತ್ತು. ಬಾಯ್ಲರ್, ಗರಗಸ, ಮಾರುಕಟ್ಟೆ ಎಲ್ಲವನ್ನೂ ಸರಿಯಾಗಿ ಲೆಕ್ಕ ಹಾಕಿ ಕಟ್ಟಿದ ಊರು, ಕಟ್ಟಿದ ಕೈಗಳನ್ನು ಮಾತ್ರ ಲೆಕ್ಕಕ್ಕೆ ಇಟ್ಟಿರಲಿಲ್ಲ.

1889ರ ಬೆಂಕಿಯಲ್ಲಿ ಮರದ ಸಿಯಾಟಲ್ ಸುಟ್ಟುಹೋಯಿತು. 1892ರಲ್ಲಿ ಯೆಸ್ಲರ್ ತೀರಿಕೊಂಡ. ಆತನ ಬಂಗಲೆ ಸಾರ್ವಜನಿಕ ಗ್ರಂಥಾಲಯವಾಯಿತು. 1901ರಲ್ಲಿ ಅದೂ ಸುಟ್ಟಿತು. ಉಳಿದದ್ದು ಆ ಪಟ್ಟಿ ಜಮೀನಿನ ದಾರಿ, ಇಂದಿನ ‘ಯೆಸ್ಲರ್ ವೇ’. ಅದರ ದಕ್ಷಿಣದ ಬೀದಿಗಳನ್ನು ದಿಕ್ಸೂಚಿ ನೋಡಿ ಹಾಕಿದ್ದಾರೆ, ಉತ್ತರದವನ್ನು ಸಮುದ್ರದ ದಡ ನೋಡಿ. ಹಾಗಾಗಿ ಎರಡೂ ಸೇರುವಲ್ಲಿ ಬೀದಿಗಳು ಸೊಟ್ಟಗೆ ಮುರಿಯುತ್ತವೆ. ಇವತ್ತು ರಾತ್ರಿ ಮ್ಯಾಪ್ ತೆರೆದು ಒಮ್ಮೆ ನೋಡಿ, ಆ ಹಳೇ ಮಿಲ್ಲಿನ ದಾರಿ ತಾನಾಗೇ ಕಣ್ಣಿಗೆ ಬೀಳುತ್ತೆ.