ಕ್ರೆಡಿಟ್ ಕಾರ್ಡ್ ಕೊಳ್ಳುವ ಮುನ್ನ ಮನೆಯ ಲೆಕ್ಕ ನೋಡಿ

ಅವರ್ಸಾದಂತಹ ಊರಿಗೂ ಈಗ ಕ್ರೆಡಿಟ್ ಕಾರ್ಡ್ ಬಂದಾಗಿದೆ. ಅದಕ್ಕಾಗಿ ಕಾರವಾರಕ್ಕೋ ಅಂಕೋಲಾಕ್ಕೋ ಹೋಗಿ ಬ್ಯಾಂಕಿನ ಮೆಟ್ಟಿಲು ಹತ್ತಬೇಕೆಂದಿಲ್ಲ. ಅಡುಗೆ ಮನೆಯಲ್ಲಿರುವಾಗಲೇ ಫೋನ್ ಬರುತ್ತದೆ: ‘ಮೇಡಂ, ನಿಮಗೆ ಕಾರ್ಡ್ ಮಂಜೂರಾಗಿದೆ, ಜೀವನಪೂರ್ತಿ ಉಚಿತ.’ ಆಗ ನಾವು ಕೇಳುವುದು ಯಾವ ಕಾರ್ಡಿಗೆ ಹೆಚ್ಚು ರಿಯಾಯಿತಿ ಎಂದು. ಆದರೆ ಸಹೋದರಿಯರೇ, ಮೊದಲು ಕೇಳಬೇಕಾದದ್ದು ಬೇರೆ. ನಿಮ್ಮ ಮನೆಗೆ ಹಣ ಬರುವುದು ಯಾವ ದಿನ?

ಕಾರ್ಡಿನ ಬಿಲ್ ಪ್ರತಿ ತಿಂಗಳೂ ಗೊತ್ತಾದ ದಿನವೇ ಬರುತ್ತದೆ. ನಮ್ಮ ಕರಾವಳಿಯ ಆದಾಯ ಹಾಗಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ದೋಣಿಯವರಿಗಷ್ಟೇ ಅಲ್ಲ, ಮೀನು ಸಾಗಿಸುವ ಟೆಂಪೋದವರಿಗೂ ಐಸ್ ಮಾರುವವರಿಗೂ ಕೈ ಖಾಲಿ. ಮೇ ತಿಂಗಳ ಮದುವೆಗೆ ಕಾರ್ಡ್ ಉಜ್ಜಿದ ಬಿಲ್ ಬರುವುದು ಸರಿಯಾಗಿ ಆ ಹೊತ್ತಿಗೇ! ಗಲ್ಫ್‌ನಿಂದ ಬರುವ ಹಣವೂ ಒಂದು ತಿಂಗಳು 5ಕ್ಕೆ, ಇನ್ನೊಂದು ತಿಂಗಳು 20ಕ್ಕೆ. ತಿಂಗಳ ಸಂಬಳದ ಶಿಕ್ಷಕಿಗೆ ಹೊಂದುವ ಕಾರ್ಡ್ ಇಂತಹ ಮನೆಗೆ ಹೊಂದುವುದಿಲ್ಲ.

ಹೊಂದದಿದ್ದರೆ ಏನಾಗುತ್ತದೆ? ಬಿಲ್ಲಿನ ಪೂರ್ತಿ ಹಣ ಕಟ್ಟಿದವರಿಗೆ ಮಾತ್ರ ಬಡ್ಡಿ ಇಲ್ಲ. ‘ಕನಿಷ್ಠ ಮೊತ್ತ’ ಎಂದು ಬಿಲ್ಲಿನಲ್ಲಿ ಒಂದು ಸಣ್ಣ ಅಂಕಿ ಇರುತ್ತದೆ, ಅದೇ ಬಲೆ. ₹20,000 ಬಿಲ್ಲಿಗೆ ಶೇ. 5ರಂತೆ ₹1,000 ಕಟ್ಟಿದಿರಿ ಎನ್ನಿ. ಉಳಿದ ₹19,000ಕ್ಕೆ ತಿಂಗಳಿಗೆ ಶೇ. 3.5 ಬಡ್ಡಿಯಾದರೆ ₹665, ಅದರ ಮೇಲೆ ಶೇ. 18 ಜಿಎಸ್‌ಟಿ ಸುಮಾರು ₹120. ಮುಂದಿನ ತಿಂಗಳು ನೀವು ಮತ್ತೆ ಸಾವಿರ ಕಟ್ಟಿದರೆ ಸಾಲ ಇಳಿಯುವುದು ಬರೀ ₹215. ವರ್ಷಕ್ಕೆ ಶೇ. 42ರ ಬಡ್ಡಿ ಇದು. ಬಾಕಿ ಇರುವಾಗ ಮಾಡಿದ ಹೊಸ ಖರೀದಿಗೂ ಅಂದಿನಿಂದಲೇ ಬಡ್ಡಿ ಓಡುತ್ತದೆ. ಕಾರ್ಡಿನಿಂದ ನಗದು ತೆಗೆದರಂತೂ ಒಂದು ದಿನದ ವಿನಾಯಿತಿಯೂ ಇಲ್ಲ.

ಇಷ್ಟು ಹಣದ ಮಾತಾಯಿತು. ನಮಗೆ ಇನ್ನೊಂದು ಲೆಕ್ಕವೂ ಇದೆ. 2000ದ ಸೆಪ್ಟೆಂಬರ್‌ನಲ್ಲಿ ರಿಯಾದ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ, ಬಡ್ಡಿಯ ಶರತ್ತು ಇರುವ ಕ್ರೆಡಿಟ್ ಕಾರ್ಡ್ ಬಳಸಬಾರದು, ಅವಧಿಯೊಳಗೆ ಕಟ್ಟುವ ಉದ್ದೇಶವಿದ್ದರೂ ಬಾರದು ಎಂದು ತೀರ್ಮಾನಿಸಿತು. ಖಾತೆಯಲ್ಲಿರುವ ನಮ್ಮದೇ ಹಣ ಕಳೆಯುವ ಕಾರ್ಡಿಗೆ ಅಡ್ಡಿಯಿಲ್ಲ ಎಂದಿತು. ಅಗತ್ಯವಿದ್ದು, ಅವಧಿಯೊಳಗೆ ಪೂರ್ತಿ ಕಟ್ಟುವ ಖಾತ್ರಿ ಇದ್ದವರಿಗೆ ಅನುಮತಿ ನೀಡುವ ವಿದ್ವಾಂಸರೂ ಇದ್ದಾರೆ. ನಿಮ್ಮ ಆಲಿಮರನ್ನು ಕೇಳಿಕೊಳ್ಳಿ. ಕೇಳುವಾಗ ಜೂನ್ ತಿಂಗಳ ನಿಮ್ಮ ಆದಾಯವನ್ನೂ ಮುಚ್ಚಿಡದೆ ಹೇಳಿ.

ಇನ್ನು ಸಾಲದ ಚರಿತ್ರೆ. ಸಾಲವನ್ನು ಬರೆದಿಡಿ ಎಂದು ಕುರ್‌ಆನ್ (ಅಲ್ ಬಕರಾ: 282) ಆದೇಶಿಸುತ್ತದೆ, ನಾವು ಬರೆಯದಿದ್ದರೂ ನಮ್ಮ ಸಾಲವನ್ನು ಬರೆದಿಡುವ ಸಂಸ್ಥೆಗಳು ಈಗ ನಾಲ್ಕಿವೆ: ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. 300ರಿಂದ 900ರವರೆಗೆ ಅಂಕ ಕೊಡುತ್ತವೆ. ನನ್ನ ಹೆಸರಿನಲ್ಲಿ ಸಾಲವೇ ಇಲ್ಲ ಎನ್ನುವ ಎಷ್ಟೋ ಮಹಿಳೆಯರ ಹೆಸರು ಅಲ್ಲಿದೆ. ಮೈಕ್ರೋ ಫೈನಾನ್ಸ್ ಗುಂಪಿನಲ್ಲಿ ಪಡೆದ ಸಾಲ ಅಲ್ಲಿ ದಾಖಲಾಗುತ್ತದೆ. ತಮ್ಮನ ಗಾಡಿ ಸಾಲಕ್ಕೆ ಹಾಕಿದ ಜಾಮೀನು ಸಹಿಯೂ ದಾಖಲಾಗುತ್ತದೆ. ಅವನು ಕಂತು ತಪ್ಪಿಸಿದರೆ ಅಂಕ ಇಳಿಯುವುದು ನಿಮ್ಮದೂ ಹೌದು. ಪ್ರತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ತಿ ವರದಿ ಉಚಿತವಾಗಿ ಕೊಡಬೇಕೆಂಬ ನಿಯಮ 2017ರಿಂದ ಇದೆ. ಕಾರ್ಡಿಗೆ ಅರ್ಜಿ ಹಾಕುವ ಮೊದಲು ಅದನ್ನು ತರಿಸಿ ಓದಿ. ಸಿಕ್ಕ ಬ್ಯಾಂಕಿಗೆಲ್ಲ ಅರ್ಜಿ ಹಾಕುತ್ತಾ ಹೋದರೆ ಅದೂ ಅಂಕಕ್ಕೆ ಪೆಟ್ಟು.

ಚರಿತ್ರೆಯೇ ಇಲ್ಲದವರಿಗೆ, ಸಂಬಳದ ಚೀಟಿ ಇಲ್ಲದ ಗೃಹಿಣಿಗೆ, ಬ್ಯಾಂಕ್ ತೋರಿಸುವ ದಾರಿ ಠೇವಣಿ ಇಟ್ಟು ಅದರ ಆಧಾರದ ಮೇಲೆ ಪಡೆಯುವ ಕಾರ್ಡ್. ಮಿತಿ ₹20,000 ಇದ್ದರೆ ₹6,000ದೊಳಗೆ ಖರ್ಚು ಮಾಡಿ ಪೂರ್ತಿ ಕಟ್ಟುತ್ತಾ ಬಂದರೆ ಒಳ್ಳೆಯ ಚರಿತ್ರೆ ಬೆಳೆಯುತ್ತದೆ. ಆದರೆ ಆ ಠೇವಣಿಗೂ ಬಡ್ಡಿ ಬರುತ್ತದಲ್ಲ! ಅದನ್ನು ಪುಣ್ಯದ ಅಪೇಕ್ಷೆಯಿಲ್ಲದೆ ಬಡವರಿಗೆ ಕೊಟ್ಟುಬಿಡಿ ಎನ್ನುತ್ತಾರೆ ಹಲವು ವಿದ್ವಾಂಸರು. ನನ್ನ ಅಭಿಪ್ರಾಯ ಕೇಳಿದರೆ, ಬ್ಯಾಂಕಿನಿಂದ ಸಾಲವನ್ನೇ ಪಡೆಯಬಾರದೆಂದು ನಿರ್ಧರಿಸಿದ ಮನೆಗೆ ಈ ಅಂಕ ಬೆಳೆಸುವ ಉಸಾಬರಿ ಏಕೆ? ಅಂಕವಿಲ್ಲ ಎಂದರೆ ಸಾಲ ಮಾಡಿಲ್ಲ ಎಂದರ್ಥ, ನಂಬಿಕೆಗೆ ಅರ್ಹರಲ್ಲ ಎಂದಲ್ಲ.

ಗಂಡ ಗಲ್ಫ್‌ನಲ್ಲಿದ್ದು, ಅವರ ಕಾರ್ಡಿನ ಹೆಚ್ಚುವರಿ ಕಾರ್ಡ್ ನಿಮ್ಮ ಕೈಯಲ್ಲಿದ್ದರೆ ಒಂದು ವಿಷಯ ತಿಳಿದಿರಲಿ. ಬಿಲ್ ಅವರದು, ಚರಿತ್ರೆಯೂ ಅವರದೇ. ನೀವು ಹತ್ತು ವರ್ಷ ಸರಿಯಾಗಿ ಬಳಸಿದರೂ ನಿಮ್ಮ ಹೆಸರಿಗೆ ಒಂದಂಕ ಸೇರದು.

ಕಾರ್ಡ್ ಬೇಕೇ ಬೇಕು ಎನ್ನುವವರು ಕಳೆದ ಮೂರು ತಿಂಗಳ ಖರ್ಚನ್ನು ಒಂದು ಹಾಳೆಯಲ್ಲಿ ಬರೆಯಿರಿ. ದಿನಸಿ, ಗ್ಯಾಸ್, ಶಾಲೆ, ಸ್ಕೂಟರಿನ ಪೆಟ್ರೋಲ್, ಮಂಗಳೂರಿಗೋ ಗೋವಾಕ್ಕೋ ರೈಲು ಟಿಕೆಟ್. ಪೆಟ್ರೋಲಿಗೆ ತಿಂಗಳಿಗೆ ₹600 ಹಾಕಿಸುವವರಿಗೆ ವರ್ಷಕ್ಕೆ ₹500 ಶುಲ್ಕದ ಪೆಟ್ರೋಲ್ ಕಾರ್ಡ್ ನಷ್ಟವೇ. ವಿಮಾನ ನಿಲ್ದಾಣದ ಲೌಂಜ್‌ನಲ್ಲಿ ಉಚಿತ ಊಟ ಎರಡು ವರ್ಷಕ್ಕೊಮ್ಮೆ ಉಮ್ರಾಕ್ಕೆ ಹೊರಡುವವರಿಗೆ ಏನು ಪ್ರಯೋಜನ? ಮಣಿಪಾಲಕ್ಕೆ ರೋಗಿಯನ್ನು ಕರೆದೊಯ್ದಾಗ ಮುಂಗಡ ಕಟ್ಟಲು ಬೇಕು ಎಂಬ ಕಾರಣ ನಿಜವಾದದ್ದು; ಆದರೆ ಬಿಲ್ ಬರುವುದರೊಳಗೆ ಆ ಹಣ ಎಲ್ಲಿಂದ ಎಂದು ಇಂದೇ ಗೊತ್ತಿರಬೇಕು. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು. ಅನುಕೂಲವೇನೋ ಸರಿ, ಆದರೆ ಹತ್ತು ಇಪ್ಪತ್ತು ರೂಪಾಯಿಯ ಸಾಲ ಕಣ್ಣಿಗೆ ಬೀಳುವುದಿಲ್ಲ.

ಈಗಾಗಲೇ ಬೇಡದ ಕಾರ್ಡ್ ಮನೆಯಲ್ಲಿದ್ದರೆ ಕತ್ತರಿಸಿ ಬಿಸಾಡಿದರೆ ಅದು ಮುಚ್ಚುವುದಿಲ್ಲ. ಬಾಕಿ ಪೂರ್ತಿ ಕಟ್ಟಿ, ಮುಚ್ಚಲು ಬರೆದು ಕೊಡಿ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಬ್ಯಾಂಕ್ 7 ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡ ಮಾಡಿದರೆ ದಿನಕ್ಕೆ ₹500ರಂತೆ ನಿಮಗೇ ದಂಡ ಕೊಡಬೇಕು. ಮುಚ್ಚಿದ ಸಂದೇಶವನ್ನು ಅಳಿಸಬೇಡಿ, ಎರಡು ತಿಂಗಳ ನಂತರ ವರದಿಯಲ್ಲಿ ಆ ಖಾತೆ ಮುಚ್ಚಿದೆ ಎಂದು ಬಂದಿದೆಯೇ ನೋಡಿ.