ಉಪ್ಪು ಹಾಕಿದ್ರೆ ಐಸ್ ಇನ್ನೂ ತಣ್ಣಗಾಗೋದು ಯಾಕೆ?

ನಮ್ಮೂರು ಅಜ್ಜಂಪುರ ತಾಲ್ಲೂಕಿನ ಶಿವನಿ. ಬೇಸಿಗೆಯಲ್ಲಿ ಊರ ಕಡೆ ಬರೋ ಮಡಕೆ ಕುಲ್ಫಿ ಗಾಡಿಯನ್ನ ನೀವೂ ನಿಮ್ಮೂರಲ್ಲಿ ನೋಡಿರ್ತೀರಿ. ಗಾಡಿಯಲ್ಲಿ ಫ್ರಿಡ್ಜ್ ಇಲ್ಲ, ಕರೆಂಟ್ ಇಲ್ಲ. ಬಟ್ಟೆ ಸುತ್ತಿದ ದೊಡ್ಡ ಮಡಕೆ, ಒಳಗೆ ಒಡೆದ ಐಸು, ಅದರ ಮೇಲೆ ಕಲ್ಲುಪ್ಪು. ಉಪ್ಪು ಬಿದ್ದ ಐಸ್ ಬೇಗ ಕರಗುತ್ತೆ, ಆದರೆ ಅದರೊಳಗೆ ಹುಗಿದಿಟ್ಟ ಕುಲ್ಫಿ ಗಟ್ಟಿಯಾಗೇ ಇರುತ್ತೆ. ಹೇಗೆ?

ಪಿಯುಸಿ ಕೆಮಿಸ್ಟ್ರಿ ಓದಿದವರು ತಕ್ಷಣ "ಡಿಪ್ರೆಶನ್ ಆಫ್ ಫ್ರೀಜಿಂಗ್ ಪಾಯಿಂಟ್" ಅಂತೀವಿ. ಮಾರ್ಕ್ಸ್ ಬರುತ್ತೆ, ಆದರೆ ಉತ್ತರ ಅರ್ಧ ಮಾತ್ರ. ಉಪ್ಪುನೀರು ಸೊನ್ನೆಗಿಂತ ಕೆಳಗೆ ಹೆಪ್ಪುಗಟ್ಟುತ್ತೆ ಅನ್ನೋದು ಸರಿ. ಹಾಗಾದ್ರೆ ಐಸ್ 0 ಡಿಗ್ರಿಯಲ್ಲೇ ಕರಗಿ 0 ಡಿಗ್ರಿಯ ಉಪ್ಪುನೀರಾಗಿ ಸುಮ್ಮನಿರಬಹುದಿತ್ತಲ್ಲ? ಥರ್ಮಾಮೀಟರ್ ಯಾಕೆ ಮೈನಸ್‌ಗೆ ಇಳಿಯಬೇಕು?

ಇಳಿಯೋರು, ಹತ್ತೋರು

ಶಿವನಿಯಲ್ಲಿ ರೈಲ್ವೆ ಸ್ಟೇಷನ್ ಇದೆ, ಅದನ್ನೇ ಉದಾಹರಣೆ ಮಾಡ್ಕೊಳ್ಳೋಣ. ಐಸ್ ಅಂದ್ರೆ ರೈಲು, ನೀರು ಅಂದ್ರೆ ಪ್ಲಾಟ್‌ಫಾರ್ಮ್. 0 ಡಿಗ್ರಿಯಲ್ಲಿ ಐಸ್ ಮತ್ತು ನೀರು ಒಟ್ಟಿಗೆ ಇದ್ದಾಗ ಅಣುಗಳು ಐಸಿಂದ ನೀರಿಗೆ ಇಳೀತಾನೇ ಇರ್ತವೆ, ನೀರಿಂದ ಐಸಿಗೆ ಹತ್ತುತಾನೇ ಇರ್ತವೆ. ಇಳಿಯೋರು, ಹತ್ತೋರು ಸಮ. ಹಾಗಾಗಿ ಹೊರಗಿಂದ ನೋಡಿದ್ರೆ ಏನೂ ಬದಲಾಗಲ್ಲ.

ಈಗ ಉಪ್ಪು ಬಂತು. ಅದು ನೀರಲ್ಲಿ ಕರಗಿ ಸೋಡಿಯಂ, ಕ್ಲೋರೈಡ್ ಅಯಾನುಗಳಾಗುತ್ತೆ. ಇವು ಟಿಕೆಟ್ ಇಲ್ಲದೆ ಬಾಗಿಲ ಹತ್ರ ನಿಂತ ಜನ ಇದ್ದ ಹಾಗೆ: ತಾವೂ ರೈಲು ಹತ್ತಲ್ಲ, ಹತ್ತೋರಿಗೂ ಪೂರ್ತಿ ಜಾಗ ಬಿಡಲ್ಲ. ಇಳಿಯೋರು ಮೊದಲಿನಷ್ಟೇ, ಹತ್ತೋರು ಕಡಿಮೆ. ಅಂದ್ರೆ ಐಸ್ ಕರಗೋಕೆ ಶುರುವಾಯ್ತು.

ಮುಖ್ಯ ವಿಷಯ ಇಲ್ಲಿದೆ. ಕರಗೋದು ಪುಕ್ಕಟೆ ಅಲ್ಲ. 1 ಕೆ.ಜಿ. ಐಸ್ ಕರಗೋಕೆ ಸುಮಾರು 334 ಕಿಲೋಜೂಲ್ ಶಾಖ ಬೇಕು. ಇದೇ ಗುಪ್ತೋಷ್ಣ. ಕೆಳಗೆ ಒಲೆ ಇಲ್ಲ, ಹಾಗಾದ್ರೆ ಶಾಖ ಎಲ್ಲಿಂದ? ಪಕ್ಕದ ಐಸು, ನೀರು, ಕುಲ್ಫಿ ಡಬ್ಬಿ, ಇವುಗಳಿಂದಲೇ. ಶಾಖ ಕಳ್ಕೊಂಡ ವಸ್ತು ತಣ್ಣಗಾಗುತ್ತೆ. ಉಪ್ಪು ತನ್ನ ಜೊತೆ ತಂಪು ತರಲ್ಲ. ಐಸ್ ಕರಗೋ ಹಾಗೆ ಮಾಡುತ್ತೆ, ಆ ಕರಗುವಿಕೆ ಶಾಖ ಎಳ್ಕೊಳ್ಳುತ್ತೆ. ಉಪ್ಪು ನೀರಲ್ಲಿ ಕರಗುವಾಗಲೂ ಸ್ವಲ್ಪ ಶಾಖ ಹೀರುತ್ತೆ, ಆದರೆ ಅದು ಚಿಕ್ಕ ಪಾಲು.

ತಣ್ಣಗಾದ ಹಾಗೆ ಇಳಿಯೋ ಅಣುಗಳೂ ಕಡಿಮೆಯಾಗ್ತವೆ. ಒಂದು ಹಂತದಲ್ಲಿ ಮತ್ತೆ ಸಮ ಆಗಿ ತಾಪಮಾನ ನಿಲ್ಲುತ್ತೆ. ಅಡುಗೆ ಉಪ್ಪಿಗೆ ಇದರ ಕೊನೆ ಮಿತಿ ಸುಮಾರು −21 ಡಿಗ್ರಿ ಸೆಲ್ಸಿಯಸ್. ಆಗ ಉಪ್ಪುನೀರಲ್ಲಿ ತೂಕದ ಲೆಕ್ಕದಲ್ಲಿ ಸುಮಾರು 23% ಉಪ್ಪಿರುತ್ತೆ.

ಸ್ವಲ್ಪ ಲೆಕ್ಕ

1 ಕೆ.ಜಿ. ಐಸನ್ನ 0ಯಿಂದ −10ಕ್ಕೆ ಇಳಿಸೋಕೆ ಎಷ್ಟು ಐಸ್ ಕರಗಬೇಕು? ಐಸಿನ ವಿಶಿಷ್ಟೋಷ್ಣ ಸುಮಾರು 2.1, ಹಾಗಾಗಿ ತೆಗೆಯಬೇಕಾದ ಶಾಖ 21 ಕಿಲೋಜೂಲ್. 21ನ್ನ 334ರಿಂದ ಭಾಗಿಸಿದ್ರೆ ಸುಮಾರು 63 ಗ್ರಾಂ. ಅಷ್ಟು ನೀರು −10ರಲ್ಲಿ ಹೆಪ್ಪುಗಟ್ಟದೆ ಇರೋಕೆ ಹತ್ತು ಗ್ರಾಂ ಆಸುಪಾಸು ಉಪ್ಪು ಸಾಕು!

ಹಾಗಾದ್ರೆ ಗಾಡಿಯವರು ಅಷ್ಟೊಂದು ಉಪ್ಪು ಸುರಿಯೋದು ದಂಡವಾ? ಅಲ್ಲ. ನಮ್ಮ ಲೆಕ್ಕದಲ್ಲಿ ಹೊರಗಿನ ಬಿಸಿಲಿಲ್ಲ, ಬೆಚ್ಚಗಿನ ಹಾಲೂ ಇಲ್ಲ. ನಿಜವಾದ ಮಡಕೆಗೆ ಎರಡೂ ಕಡೆಯಿಂದ ಶಾಖ ಬರ್ತಾನೇ ಇರುತ್ತೆ, ಐಸ್ ಕರಗಿ ಉಪ್ಪುನೀರು ತೆಳ್ಳಗಾಗುತ್ತೆ, ತಾಪಮಾನ ಮತ್ತೆ ಏರುತ್ತೆ. ಹೆಚ್ಚಿನ ಉಪ್ಪು ಅದನ್ನ ತಡೆಯುತ್ತೆ.

ಬರೀ ಐಸ್ ಯಾಕೆ ಸಾಲಲ್ಲ ಅನ್ನೋದೂ ಇಲ್ಲೇ ಗೊತ್ತಾಗುತ್ತೆ. ಹಾಲು ಹೆಪ್ಪುಗಟ್ಟೋದು ಸುಮಾರು −0.5 ಡಿಗ್ರಿಯಲ್ಲಿ, ಸಕ್ಕರೆ ಹಾಕಿದ್ರೆ ಇನ್ನೂ ಕೆಳಗೆ. 0 ಡಿಗ್ರಿಯ ಐಸ್ ಅದನ್ನ ತಣ್ಣಗೆ ಮಾಡುತ್ತೆ, ಗಟ್ಟಿ ಮಾಡಲ್ಲ.

ಮಲ್ಪೆ, ಮಂಗಳೂರು ಕಡೆ ಮೀನಿಗೆ ಬೇಕಾದ ಐಸ್ ಮಾಡೋ ಪ್ಲಾಂಟ್‌ಗಳ ತೊಟ್ಟಿಯಲ್ಲೂ ಉಪ್ಪುನೀರು ಬಳಸ್ತಾರೆ. ಆದರೆ ಅಲ್ಲಿ ತಂಪು ಮಾಡೋದು ಯಂತ್ರ. ಆ ತಂಪಲ್ಲೂ ತೊಟ್ಟಿಯ ನೀರು ತಾನೇ ಐಸಾಗದೆ ಹರಿದಾಡಲಿ ಅಂತ ಉಪ್ಪು. ಪರೀಕ್ಷೆಯಲ್ಲಿ ಈ ಎರಡನ್ನೂ ಕಲಸಬೇಡಿ.

ಮಾಡಿ ನೋಡಿ

ಒಂದು ಸ್ಟೀಲ್ ಲೋಟಕ್ಕೆ ಒಡೆದ ಐಸ್ ಹಾಕಿ, ಅಂಚಲ್ಲಿ ನೀರು ಬಿಡೋ ತನಕ ಕಾಯಿರಿ. ಲೋಟದ ಹೊರಗೆ ನೀರಿನ ಹನಿ ಕಟ್ಟುತ್ತೆ. ಆ ಹನಿ ಒರೆಸಿ, ಐಸಿನ ಮೂರರಲ್ಲಿ ಒಂದು ಪಾಲು ಉಪ್ಪು ಹಾಕಿ ಚಮಚದಲ್ಲಿ ಕಲಸಿ. ಸ್ವಲ್ಪ ಹೊತ್ತಿಗೆ ಹೊರಗೆ ಬಿಳಿ ಪುಡಿಯಂಥ ಹಿಮ ಕೂರುತ್ತೆ. ಲೋಟದ ಗೋಡೆ ಸೊನ್ನೆಗಿಂತ ಕೆಳಗೆ ಹೋಗಿದೆ ಅನ್ನೋಕೆ ಅದೇ ಸಾಕ್ಷಿ, ಥರ್ಮಾಮೀಟರ್ ಬೇಡ.

ಒಂದೇ ಎಚ್ಚರಿಕೆ. ಅಂಗೈ ಮೇಲೆ ಉಪ್ಪು, ಐಸ್ ಇಟ್ಕೊಂಡು ಎಷ್ಟು ಹೊತ್ತು ತಡೀತೀರ ಅನ್ನೋ ಚಾಲೆಂಜ್ ವಿಡಿಯೋಗಳು ಓಡಾಡ್ತಾ ಇರ್ತವೆ. ಅಲ್ಲಿ ಐಸ್ ಕರಗೋಕೆ ಶಾಖ ಕೊಡೋದು ನಿಮ್ಮ ಚರ್ಮ. ಮರಗಟ್ಟಿದ ಕೈಗೆ ನೋವು ಗೊತ್ತಾಗಲ್ಲ, ಅಷ್ಟರಲ್ಲಿ ಸುಟ್ಟ ಗಾಯದಂಥ ಗಾಯ ಆಗಿರುತ್ತೆ. ತಮ್ಮ, ತಂಗಿ ಯಾರಾದ್ರೂ ಮಾಡೋಕೆ ಹೊರಟ್ರೆ ಬರೀ ಬೈಬೇಡಿ, ಲೋಟದ ಮೇಲಿನ ಹಿಮ ತೋರಿಸಿ. ಅರ್ಥ ಆಗುತ್ತೆ.